ಹಳೇ ಗಾರ್ಡನ್ ಟ್ರ್ಯಾಕ್ಟರ್: ಮಾರಬೇಕೇ, ಇಟ್ಟುಕೊಳ್ಳಬೇಕೇ?

ಅಕ್ಕರೆಯಿಂದ ದುರಸ್ತಿ ಮಾಡಿದ ಹಳೇ ಗಾರ್ಡನ್ ಟ್ರ್ಯಾಕ್ಟರನ್ನು ಮಾರಬೇಕೇ? ಉತ್ತರ ಇರುವುದು ಹಿಂದಿನ ಖರ್ಚಿನಲ್ಲಲ್ಲ, ಮುಂದಿನ ಬಳಕೆಯಲ್ಲಿ. ಅಮೆರಿಕದ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ 1961ರಲ್ಲಿ ತಂದ ಕಬ್ ಕೆಡೆಟ್ ನೋಡಿ: ಎರಕದ ಕಬ್ಬಿಣದ, ಒಂದೇ ಸಿಲಿಂಡರಿನ, 7 ಅಶ್ವಶಕ್ತಿಯ ಕೋಲರ್ ಎಂಜಿನ್. ಚೆನ್ನಾಗಿ ನೋಡಿಕೊಂಡರೆ ಇಂದಿಗೂ ದುಡಿಯುತ್ತದೆ. ಸುಮ್ಮನೆ ನಿಲ್ಲಿಸಿದರೆ ಪೆಟ್ರೋಲ್ ಕೆಟ್ಟು ಕಾರ್ಬುರೇಟರ್ ಕಟ್ಟಿಕೊಳ್ಳುತ್ತದೆ, ಟೈರು ಬಿರುಕು ಬಿಡುತ್ತದೆ, ಆಯಿಲ್ ಸೀಲ್ ಒಣಗುತ್ತದೆ.

"ಹಾಕಿದ ದುಡ್ಡು ಹುಟ್ಟುವುದಿಲ್ಲವಲ್ಲ" ಎನ್ನಬಹುದು. ನಿಜ, ಆದರೆ ಇಟ್ಟುಕೊಂಡರೂ ಅದು ವಾಪಸ್ ಬರುವುದಿಲ್ಲ. "ಇಂಥದ್ದು ಮತ್ತೆ ಸಿಗದು" ಎಂಬ ಅಳುಕೂ ನ್ಯಾಯವೇ. ಅದು ಅಜ್ಜ ಓಡಿಸಿದ ಗಾಡಿಯಾಗಿದ್ದರೆ ಮಾರಲೇಬೇಡಿ, ಅದಕ್ಕೆ ಬದಲಿ ಇಲ್ಲ. ಉಳಿದಂತೆ, ಈ ವರ್ಷ ಹುಲ್ಲು ಕತ್ತರಿಸಲೋ ಹಿಮ ತಳ್ಳಲೋ ನೀವು ಅದನ್ನು ಓಡಿಸುವುದಿಲ್ಲವಾದರೆ, ಓಡಿಸುವವರಿಗೆ ಮಾರಿ. ದುರಸ್ತಿಯ ಫೋಟೊ, ಬದಲಿಸಿದ ಬಿಡಿಭಾಗಗಳ ಪಟ್ಟಿಯನ್ನೂ ಜೊತೆಗೇ ಕೊಡಿ.