ಹತ್ತಿದ ದೀಪ ಯಾಕೆ ಆರುವುದಿಲ್ಲ?

ಯಡ್ರಾವ, ಇಚಲಕರಂಜಿ ಭಾಗದ ಮಕ್ಕಳಿಗೆ ಮಗ್ಗದ ಸಪ್ಪಳ ಹೊಸದಲ್ಲ. ವಿದ್ಯುತ್ ತಡೆ ಇರುವ ಮಗ್ಗದಲ್ಲಿ ಹಾಸಿನ ಎಳೆ ಹರಿದರೆ ಅದಕ್ಕೆ ತೂಗಿದ ಉಕ್ಕಿನ ಪಟ್ಟಿ ಕೆಳಗೆ ಬೀಳುತ್ತದೆ, ಕಡಿಮೆ ವೋಲ್ಟಿನ ಮಂಡಲ ಕೂಡುತ್ತದೆ, ಮಗ್ಗ ನಿಲ್ಲುತ್ತದೆ. ನಿಲ್ಲದಿದ್ದರೆ ಬಟ್ಟೆ ಕೆಟ್ಟಂತೆಯೇ. ಸ್ವಿಚ್ಚಿಗೆ ಹಚ್ಚುವುದಕ್ಕಿಂತ ಆರಿಸುವುದೇ ದೊಡ್ಡ ಕೆಲಸ ಅಂತ ತೋರಿಸಲು ಇಷ್ಟು ಸಾಕು.

ವಿಜ್ಞಾನ ಪ್ರದರ್ಶನದ ಮಾದರಿಗಳಿಗೆ ಮಕ್ಕಳು ಈಗ ಸಾಲಿಡ್ ಸ್ಟೇಟ್ ರಿಲೇ ತರುತ್ತಾರೆ. ಟಕ್ ಅನ್ನುವ ಸಪ್ಪಳವಿಲ್ಲ, ಸವೆಯುವ ಸಂಪರ್ಕಗಳಿಲ್ಲ. ಒಳಗೊಂದು ಸಣ್ಣ ಎಲ್‌ಇಡಿ. ಅದರ ಬೆಳಕೇ ಆಚೆ ಬದಿಯ ಅರೆವಾಹಕವನ್ನು ಎಬ್ಬಿಸುತ್ತದೆ. ಆದರೆ ಎಸಿ ನಮೂನೆಯ ರಿಲೇ ತಂದು 12 ವೋಲ್ಟ್ ಬ್ಯಾಟರಿಗೆ ಜೋಡಿಸಿದರೆ, ಹತ್ತಿದ ದೀಪ ಸಂಕೇತ ತೆಗೆದರೂ ಉರಿಯುತ್ತಲೇ ಇರಬಹುದು. "ಸರ್, ಇದು ಆರವಲ್ದು, ಸುಟ್ಟದೇನ್ರಿ?" ಸುಟ್ಟಿರುವುದಿಲ್ಲ, ಅದರ ಸ್ವಭಾವವೇ ಹಾಗೆ.

ಅದರೊಳಗಿರುವುದು ಟ್ರಯಾಕ್ ಅಥವಾ ಥೈರಿಸ್ಟರ್. ಒಮ್ಮೆ ತೆರೆದರೆ, ಪ್ರವಾಹ ಸೊನ್ನೆಯ ಹತ್ತಿರ ಇಳಿಯುವವರೆಗೆ ಮುಚ್ಚುವುದಿಲ್ಲ. ಮನೆಯ 50 ಹರ್ಟ್ಜ್ ಎಸಿಯಲ್ಲಿ ಪ್ರವಾಹ ಸೆಕೆಂಡಿಗೆ 100 ಸಲ ಸೊನ್ನೆ ಮುಟ್ಟುತ್ತದೆ. ಬ್ಯಾಟರಿಯಲ್ಲಿ ಆ ಸೊನ್ನೆ ಎಲ್ಲಿಂದ ಬರಬೇಕು? ಹತ್ತನೇ ತರಗತಿಯಲ್ಲಿ ಎಸಿ-ಡಿಸಿ ಗೆರೆಚಿತ್ರ ಬರೆಸಿ ಮುಗಿಸುತ್ತೇವಲ್ಲ, ಆ ಚಿತ್ರದ ಅರ್ಥ ಇಲ್ಲಿದೆ.

ವರ್ಗದಲ್ಲಿ ಮಾಡಿ ತೋರಿಸಬಹುದು. ಟಿವೈಎನ್612 ಥೈರಿಸ್ಟರ್, 12 ವೋಲ್ಟ್ 5 ವ್ಯಾಟಿನ ಗಾಡಿ ಬಲ್ಬು, 470 ಓಮ್ ಅರ್ಧ ವ್ಯಾಟ್ ರೋಧಕ, ಫ್ಯೂಜ್ ಹಾಕಿದ ಬ್ಯಾಟರಿ. ಬಲ್ಬು ಬ್ಯಾಟರಿಯ ಧನ ತುದಿ ಮತ್ತು ಆನೋಡಿನ ನಡುವೆ, ಕ್ಯಾಥೋಡ್ ಋಣ ತುದಿಗೆ. ಧನ ತುದಿಯಿಂದ ರೋಧಕದ ಮೂಲಕ ಗೇಟನ್ನು ಒಂದು ಕ್ಷಣ ಮುಟ್ಟಿಸಿ ಬಿಡಿ: ಬಲ್ಬು ಹತ್ತಿಯೇ ಇರುತ್ತದೆ. ಬ್ಯಾಟರಿಯ ತಂತಿ ತೆಗೆದರಷ್ಟೇ ಆರುತ್ತದೆ. ಗೋಡೆಯ ಪ್ಲಗ್ಗಿಗೆ ಮಾತ್ರ ಮಕ್ಕಳು ಕೈ ಹಚ್ಚುವುದು ಬೇಡ.

ಡಿಸಿ ನಮೂನೆಯ ರಿಲೇಯಲ್ಲಿ ಸಾಮಾನ್ಯವಾಗಿ ಮಾಸ್ಫೆಟ್ ಇರುತ್ತದೆ. ಗೇಟಿನ ವೋಲ್ಟ್ ಹೋದರೆ ಅದೂ ಮುಚ್ಚುತ್ತದೆ. ಇನ್ನೊಂದು ಲಾಭ ಲೆಕ್ಕದಲ್ಲಿ ಕಾಣುತ್ತದೆ. ಟ್ರಯಾಕ್ 1.5 ವೋಲ್ಟ್ ನುಂಗಿದರೆ 5 ಆಂಪಿಯರಿಗೆ 7.5 ವ್ಯಾಟ್ ಬರೀ ಶಾಖ. 20 ಮಿಲಿಓಮಿನ ಮಾಸ್ಫೆಟ್ಟಿನಲ್ಲಿ ಅದು ಅರ್ಧ ವ್ಯಾಟ್.

ಕೊಳ್ಳುವಾಗ ಭಾರ ಜೋಡಿಸುವ ಬದಿಯ ಬರಹ ಓದಿಸಿ. ಸಂಕೇತದ ಬದಿಯಲ್ಲಿ ಡಿಸಿ ಅಂತಿದ್ದರೆ ಸಾಲದು, ಅದು ಎರಡೂ ನಮೂನೆಗಳಲ್ಲಿ ಇರಬಹುದು. ಭಾರದ ಬದಿಯಲ್ಲೂ ಡಿಸಿ ಅಂತಿರಬೇಕು, ಧನ-ಋಣ ತಪ್ಪದೆ ಜೋಡಿಸಬೇಕು. ಡಿಸಿ ಮೋಟಾರು ನಡೆಸುವುದಾದರೆ ಅದರ ಎರಡು ತುದಿಗಳಿಗೆ ಡಯೋಡನ್ನು ತಿರುಗುಮುರುಗಾಗಿ ಹಾಕಿಸಿ. ಇಲ್ಲದಿದ್ದರೆ ಆರಿಸಿದ ಕ್ಷಣ ಸುರುಳಿಯಲ್ಲಿ ಏಳುವ ವೋಲ್ಟೇಜಿಗೆ ಮಾಸ್ಫೆಟ್ ನಿಜವಾಗಿಯೂ ಸುಡಬಹುದು.