ಸಾಂಕ್ರಾಮಿಕ ಕಾಲದಲ್ಲಿ ಆರೋಗ್ಯ ವಿಜ್ಞಾನ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯ: ಗ್ರಾಮ ಪಂಚಾಯಿತಿಗಳ ಹೊಣೆ

ಕನಕಪುರ ತಾಲ್ಲೂಕಿನ ದೊಡ್ಡಆಲಹಳ್ಳಿಯಂತಹ ಗ್ರಾಮಗಳ ಯುವಜನರು ನರ್ಸಿಂಗ್, ವೈದ್ಯಕೀಯ, ಪ್ರಯೋಗಾಲಯ ತಂತ್ರಜ್ಞಾನ ಮೊದಲಾದ ವ್ಯಾಸಂಗಕ್ಕಾಗಿ ಕನಕಪುರ, ರಾಮನಗರ, ಬೆಂಗಳೂರುಗಳಿಗೆ ತೆರಳುತ್ತಾರೆ. ರೇಷ್ಮೆ, ರಾಗಿ, ಹೈನುಗಾರಿಕೆಯನ್ನೇ ನಂಬಿದ ಕುಟುಂಬಕ್ಕೆ ಈ ವ್ಯಾಸಂಗವು ದೊಡ್ಡ ಭರವಸೆ. ಎಷ್ಟೋ ವೇಳೆ ದೊಡ್ಡ ಸಾಲವೂ ಹೌದು. ಆದುದರಿಂದ ವಿದ್ಯಾರ್ಥಿಯ ಮನಸ್ಸು ಕುಗ್ಗಿದಾಗ ಅದರ ಪರಿಣಾಮವು ಇಡೀ ಮನೆಯ ಮೇಲಾಗುತ್ತದೆ.

2020ರ ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆಯು ಕೋವಿಡ್-19 ಅನ್ನು ಜಾಗತಿಕ ಸಾಂಕ್ರಾಮಿಕವೆಂದು ಘೋಷಿಸಿತು. ಮಾರ್ಚ್ 25ರಿಂದ ಲಾಕ್‌ಡೌನ್ ಜಾರಿಗೆ ಬಂದು ಕಾಲೇಜುಗಳು ಮುಚ್ಚಿದವು. ರೋಗಿಯ ಬಳಿ ನಿಂತು ಕಲಿಯಬೇಕಾದ ವಿದ್ಯೆಯನ್ನು ಮೊಬೈಲ್ ಪರದೆಯಲ್ಲಿ ಕಲಿಯಬೇಕಾಯಿತು. ಎರಡನೆಯ ಅಲೆಯಲ್ಲಿ ಪರಿಸ್ಥಿತಿ ತಿರುಗಿತು. 2021ರ ಮೇ 3ರಂದು ಕೇಂದ್ರ ಸರ್ಕಾರವು ವೈದ್ಯಕೀಯ ಇಂಟರ್ನ್‌ಗಳನ್ನು ಬೋಧಕರ ಮೇಲ್ವಿಚಾರಣೆಯಲ್ಲಿ ಕೋವಿಡ್ ಕರ್ತವ್ಯಕ್ಕೂ, ಅಂತಿಮ ವರ್ಷದ ಎಂ.ಬಿ.ಬಿ.ಎಸ್. ವಿದ್ಯಾರ್ಥಿಗಳನ್ನು ದೂರವಾಣಿ ಸಮಾಲೋಚನೆ ಹಾಗೂ ಲಘು ಲಕ್ಷಣದ ರೋಗಿಗಳ ನಿಗಾವಣೆಗೂ ಬಳಸಿಕೊಳ್ಳಲು ತೀರ್ಮಾನಿಸಿತು. ನೀಟ್ ಸ್ನಾತಕೋತ್ತರ ಪರೀಕ್ಷೆಯನ್ನು ಕನಿಷ್ಠ ನಾಲ್ಕು ತಿಂಗಳು ಮುಂದೂಡಲಾಯಿತು. ಹೀಗೆ ಕಲಿಕೆ ಪೂರ್ಣಗೊಳ್ಳುವ ಮೊದಲೇ ಹೊಣೆ ಹೆಗಲೇರಿತು, ಭವಿಷ್ಯ ಅನಿಶ್ಚಿತವಾಯಿತು.

ಇಂತಹ ಸಂದರ್ಭದಲ್ಲಿ ವಿದ್ಯಾರ್ಥಿಯನ್ನು ಮುಖ್ಯವಾಗಿ ಮೂರು ಭಾರಗಳು ಕಾಡುತ್ತವೆ. ಮೊದಲನೆಯದು, ಮನೆಯ ಹಿರಿಯರಿಗೆ ತನ್ನಿಂದ ಸೋಂಕು ತಗಲೀತೆಂಬ ಭಯ. ಎರಡನೆಯದು, ಹಾಸಿಗೆ, ಆಮ್ಲಜನಕಗಳ ಕೊರತೆಯಲ್ಲಿ ರೋಗಿಯನ್ನು ಉಳಿಸಲಾಗಲಿಲ್ಲವೆಂಬ ಅಪರಾಧಿ ಭಾವ. ಮೂರನೆಯದು, ಊರಿಗೆ ಬಂದಾಗ ನೆರೆಹೊರೆಯವರು ದೂರವಿಡುವುದರಿಂದ ಆಗುವ ನೋವು. ಮೊದಲೆರಡನ್ನು ಕುಟುಂಬ ಹಾಗೂ ಕಾಲೇಜು ಹಗುರಗೊಳಿಸಬಲ್ಲವು. ಮೂರನೆಯದನ್ನು ತಡೆಯುವ ಶಕ್ತಿ ಗ್ರಾಮಕ್ಕೇ ಇದೆ.

ಒತ್ತಡವೆಲ್ಲವೂ ಕಾಯಿಲೆಯಲ್ಲ. ಕೆಲವು ದಿನಗಳ ದುಃಖ, ನಿದ್ರೆಗೇಡು ಸಹಜ. ಆದರೆ ಎರಡು ವಾರಗಳಿಗೂ ಮೀರಿ ಬೇಸರ, ನಿರಾಸಕ್ತಿ, ಊಟ ನಿದ್ರೆಗಳಲ್ಲಿ ಏರುಪೇರು, ಯಾರೊಡನೆಯೂ ಬೆರೆಯದಿರುವಿಕೆ ಮುಂದುವರಿದರೆ ವೈದ್ಯರ ನೆರವು ಅಗತ್ಯ. ಸಾಯುವ ಮಾತು ಬಂದಲ್ಲಿ ಒಂದು ದಿನವೂ ಕಾಯತಕ್ಕದ್ದಲ್ಲ. ಆ ಬಗ್ಗೆ ನೇರವಾಗಿ, ಸಮಾಧಾನದಿಂದ ವಿಚಾರಿಸುವುದು ಅಂತಹ ಯೋಚನೆಯನ್ನು ಹುಟ್ಟಿಸುವುದಿಲ್ಲ. ಮನಸ್ಸು ಬಿಚ್ಚಿ ಮಾತನಾಡಲು ಅವಕಾಶ ನೀಡುತ್ತದೆ. ವೈದ್ಯಕೀಯ ಓದಿದವರಿಗೆ ಇದೆಲ್ಲ ತಿಳಿದೇ ಇರುತ್ತದೆಂಬ ಭಾವನೆಯೂ ತಪ್ಪು. ತಿಳಿದವರೇ ಸಂಕೋಚದಿಂದ ಮುಚ್ಚಿಡುವುದುಂಟು.

ಕಾನೂನಿನ ರಕ್ಷಣೆಯೂ ಇದೆ. ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮ, 2017ರ ಕಲಂ 115ರ ಪ್ರಕಾರ ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡಕ್ಕೆ ಒಳಗಾದವರೆಂದು ಭಾವಿಸಿ ಆರೈಕೆ ಒದಗಿಸತಕ್ಕದ್ದು. ಸಾಂಕ್ರಾಮಿಕ ರೋಗಗಳ ಕಾಯ್ದೆಗೆ 2020ರಲ್ಲಿ ತಂದ ತಿದ್ದುಪಡಿಯು ಸಾಂಕ್ರಾಮಿಕದ ವೇಳೆ ಆರೋಗ್ಯ ಸೇವಾ ಸಿಬ್ಬಂದಿಯ ಮೇಲಿನ ಹಿಂಸೆಯನ್ನು ಜಾಮೀನುರಹಿತ ಅಪರಾಧವಾಗಿಸಿತು. ಅವರ ವಾಸಕ್ಕೆ, ಕೆಲಸಕ್ಕೆ ತೊಂದರೆಯಾಗುವಂತಹ ಕಿರುಕುಳವೂ ಅದರ ವ್ಯಾಪ್ತಿಗೆ ಬರುತ್ತದೆ.

ಮಾನ್ಯ ಸದಸ್ಯರು ಈ ಕೆಳಕಂಡ ಕ್ರಮಗಳನ್ನು ಕೈಗೊಳ್ಳಬಹುದಾಗಿದೆ:

1. ಗ್ರಾಮದಿಂದ ಆರೋಗ್ಯ ಸಂಬಂಧಿ ವ್ಯಾಸಂಗಕ್ಕೆ ತೆರಳಿದವರು ಯಾರೆಂಬುದನ್ನು ಅರಿತಿರುವುದು. ಅವರು ಊರಿಗೆ ಮರಳಿದಾಗ ಯೋಗಕ್ಷೇಮ ವಿಚಾರಿಸುವುದು. ಯಾರ ಮಾನಸಿಕ ಸ್ಥಿತಿಯನ್ನೂ ಸಭೆಯಲ್ಲಿ ಪ್ರಸ್ತಾಪಿಸಬಾರದು.

2. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿಯ ಸಭೆಯಲ್ಲಿ ಮಾನಸಿಕ ಆರೋಗ್ಯವನ್ನು ಚರ್ಚಾ ವಿಷಯವಾಗಿ ಸೇರಿಸುವುದು.

3. ಮನೆಯಲ್ಲಿ ಓದಲು ಸ್ಥಳವಾಗಲಿ, ಇಂಟರ್ನೆಟ್ ಆಗಲಿ ಇಲ್ಲದವರಿಗೆ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಅನುಕೂಲ ಕಲ್ಪಿಸುವುದು.

4. ಸೋಂಕಿನ ಭಯದಿಂದ ಯಾರನ್ನಾದರೂ ಊರಿನಿಂದ, ನಲ್ಲಿಯಿಂದ, ಅಂಗಡಿಯಿಂದ ದೂರವಿಟ್ಟಲ್ಲಿ ಆಶಾ ಕಾರ್ಯಕರ್ತೆಯರೊಂದಿಗೆ ತೆರಳಿ ತಿಳಿವಳಿಕೆ ನೀಡುವುದು.

5. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416 ಅನ್ನು ಸೂಚನಾ ಫಲಕದಲ್ಲಿ ಬರೆಸುವುದು. ಈ ಸೇವೆ ಉಚಿತ, ಹಗಲಿರುಳೂ ಲಭ್ಯ, ಕನ್ನಡದಲ್ಲಿಯೇ ಮಾತನಾಡಬಹುದು. ಇದರ ರಾಷ್ಟ್ರೀಯ ಮಟ್ಟದ ಹೊಣೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯದು. ಹೆಚ್ಚಿನ ಚಿಕಿತ್ಸೆಗೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡವನ್ನು ಸಂಪರ್ಕಿಸುವುದು.

ಇಂದಿನ ವಿದ್ಯಾರ್ಥಿಗಳೇ ನಾಳೆ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರು, ಶುಶ್ರೂಷಾಧಿಕಾರಿಗಳು. ಮತ್ತೊಂದು ಸಾಂಕ್ರಾಮಿಕ ಬಂದಾಗ ಗ್ರಾಮಗಳು ಅವರ ಸೇವೆಯನ್ನೇ ಅವಲಂಬಿಸಬೇಕಾಗುತ್ತದೆ. ಈ ಮಾಹಿತಿಯನ್ನು ಮುಂದಿನ ಗ್ರಾಮ ಸಭೆಯಲ್ಲಿ ಓದಿ ತಿಳಿಸುವುದು ಸೂಕ್ತ.