ಕಡಲಾಚೆಯ ಗ್ರಾಹಕರೊಡನೆ ವ್ಯವಹಾರ: ಜಾಲಸಂಪರ್ಕದ ಪೂರೈಕೆದಾರರನ್ನು ಆರಿಸುವುದು ಹೇಗೆ?

ಮುಂಬಯಿ ಮಹಾನಗರದ ಕನ್ನಡಿಗರ ಉದ್ಯಮವೆಂದರೆ ಹೋಟೆಲು, ಇಲ್ಲವೇ ಬ್ಯಾಂಕಿನ ನೌಕರಿ ಎಂದು ಹೇಳುತ್ತಿದ್ದ ಕಾಲವೊಂದಿತ್ತು. ಇಂದು ಥಾಣೆಯ ಮಾಜಿವಾಡಾ, ವಾಗ್ಳೆ ಎಸ್ಟೇಟ್, ನವಿಮುಂಬಯಿಯ ಮಹಾಪೆ, ಐರೋಲಿ ಮುಂತಾದೆಡೆ ನಮ್ಮವರ ಎರಡನೆಯ ಪೀಳಿಗೆಯು ಹತ್ತು ಹದಿನೈದು ಮಂದಿಯ ಸಣ್ಣ ಕಚೇರಿಗಳನ್ನು ತೆರೆದು ಲಂಡನ್ನಿನ, ಸಿಂಗಾಪುರದ, ಅಮೆರಿಕದ ಗ್ರಾಹಕರಿಗಾಗಿ ಲೆಕ್ಕಪತ್ರ, ನಕ್ಷೆ, ತಂತ್ರಾಂಶಗಳ ಕೆಲಸ ಮಾಡುತ್ತಿದೆ. ಇಂತಹವರ ಸಾಲದ ಅರ್ಜಿಗಳನ್ನು ಪರಿಶೀಲಿಸುವುದು ನನ್ನ ವೃತ್ತಿಯ ಒಂದು ಭಾಗ. ಕಚೇರಿಯ ಬಾಡಿಗೆ, ಕುರ್ಚಿ ಮೇಜು, ಕಂಪ್ಯೂಟರುಗಳ ಬಗ್ಗೆ ಅವರು ಪೈಸೆ ಪೈಸೆ ಲೆಕ್ಕ ಬರೆದಿರುತ್ತಾರೆ. ಆದರೆ ಇಡೀ ವ್ಯವಹಾರವು ನೇತಾಡುತ್ತಿರುವ ಆ ಒಂದು ಎಳೆ, ಅಂದರೆ ಹೊರದೇಶಕ್ಕೆ ಹೋಗುವ ಜಾಲಸಂಪರ್ಕ, ಅದರ ಬಗ್ಗೆ 'ಇಂಟರ್‌ನೆಟ್ ವೆಚ್ಚ' ಎಂಬ ಒಂದೇ ಸಾಲು ಇರುತ್ತದೆ. ನಾನು ತಂತ್ರಜ್ಞನಲ್ಲ, ಕಲಾ ಪದವೀಧರ. ಆದರೂ ಈ ವಿಷಯವನ್ನು ತಿಳಿಯಲು ತಂತ್ರಜ್ಞನಾಗಬೇಕಿಲ್ಲ.

ಮೊದಲಿಗೆ ಈ ಸಂಪರ್ಕವು ಹೋಗುವ ದಾರಿಯನ್ನು ಅರಿಯಬೇಕು. ಆಕಾಶದ ಉಪಗ್ರಹದಿಂದ ಎಲ್ಲವೂ ನಡೆಯುತ್ತದೆಂದು ಭಾವಿಸುವವರು ಇನ್ನೂ ಇದ್ದಾರೆ. ವಾಸ್ತವದಲ್ಲಿ ಇದರ ಬಹುಪಾಲು ಸಮುದ್ರದಡಿಯ ಗಾಜಿನೆಳೆಯ ಕೇಬಲ್ಲುಗಳ ಮೂಲಕವೇ ಸಾಗುತ್ತದೆ. ಮುಂಬಯಿಗೆ ಇದು ಹೊಸತಲ್ಲ; ಏಡನ್, ಸೂಯೆಜ್ ಮಾರ್ಗವಾಗಿ ಬಂದ ಸಮುದ್ರತಳದ ತಂತಿಯು 1870ರಲ್ಲಿಯೇ ನಮ್ಮ ನಗರವನ್ನು ಬ್ರಿಟನ್ನಿನೊಡನೆ ಬೆಸೆದಿತ್ತು. ಸ್ವಾತಂತ್ರ್ಯಾನಂತರ ಈ ಹೊಣೆ ಸರಕಾರದ್ದಾಯಿತು. 1986ರಲ್ಲಿ ಸ್ಥಾಪನೆಗೊಂಡ ವಿದೇಶ ಸಂಚಾರ ನಿಗಮವು 1995ರ ಆಗಸ್ಟ್ 15ರಂದು ಸಾರ್ವಜನಿಕರಿಗೆ ಇಂಟರ್‌ನೆಟ್ ಸೇವೆ ಆರಂಭಿಸಿತು. 2002ರಲ್ಲಿ ಅದು ಟಾಟಾ ಸಮೂಹದ ಕೈಸೇರಿತು, ಅದೇ ವರ್ಷ ಅಂತಾರಾಷ್ಟ್ರೀಯ ದೂರವಾಣಿಯಲ್ಲಿ ಅದರ ಏಕಸ್ವಾಮ್ಯವೂ ಕೊನೆಗೊಂಡಿತು. ಅಂದಿನವರಿಗೆ ಆಯ್ಕೆಯೇ ಇರಲಿಲ್ಲ. ಇಂದಿನವರಿಗೆ ಆಯ್ಕೆಯೇ ಸಮಸ್ಯೆ.

ಮುಂಬಯಿಯ ವರ್ಸೋವಾ ಮೊದಲಾದ ಕಡೆ ದಡ ಸೇರುವ ಕೇಬಲ್ಲುಗಳಲ್ಲಿ ಯುರೋಪಿನತ್ತ ಹೋಗುವವು ಹೆಚ್ಚಾಗಿ ಕೆಂಪು ಸಮುದ್ರ ಮತ್ತು ಈಜಿಪ್ಟನ್ನು ಹಾದೇ ಹೋಗುತ್ತವೆ. ಇಕ್ಕಟ್ಟಾದ ಒಂದೇ ಓಣಿಯಲ್ಲಿ ಊರಿನ ಎಲ್ಲ ಬಂಡಿಗಳೂ ಹೋದಂತೆ. 2008ರ ಜನವರಿ 30ರಂದು ಅಲೆಕ್ಸಾಂಡ್ರಿಯಾದ ಬಳಿ ಸೀ-ಮಿ-ವಿ 4 ಹಾಗೂ ಫ್ಲ್ಯಾಗ್ ಎಂಬ ಎರಡು ಕೇಬಲ್ಲುಗಳು ತುಂಡಾದಾಗ ಭಾರತದ ಹೊರಸಂಪರ್ಕವು ತೀವ್ರವಾಗಿ ಕುಸಿಯಿತು. ದುರಸ್ತಿಗೆ ಹಡಗೇ ಹೋಗಬೇಕು, ಕೇಬಲನ್ನು ಮೇಲೆತ್ತಿ ಬೆಸೆಯಬೇಕು. ಆಗ ಸುಮಾರು ಹತ್ತು ದಿನಗಳೇ ಹಿಡಿದವು. 2024ರ ಫೆಬ್ರವರಿಯಲ್ಲಿ ಕೆಂಪು ಸಮುದ್ರದಲ್ಲಿ ಮತ್ತೆ ಹಲವು ಕೇಬಲ್ಲುಗಳು ಹಾನಿಗೊಂಡವು. 2025ರ ಸೆಪ್ಟೆಂಬರಿನಲ್ಲಿ ಜೆಡ್ಡಾದ ಬಳಿ ಪುನಃ ಅದೇ ಕಥೆ.

ಈ ಕೊನೆಯ ಘಟನೆಯ ವೇಳೆ ಮಾಜಿವಾಡಾದ ಪರಿಚಿತರೊಬ್ಬರ ಕಚೇರಿಯಲ್ಲಿ ಹನ್ನೆರಡು ಮಂದಿ ಲಂಡನ್ನಿನ ಸರ್ವರಿನಲ್ಲಿ ಲೆಕ್ಕ ಬರೆಯುವ ಕೆಲಸ ಮಾಡುತ್ತಿದ್ದರು. ಅವರು ಜಾಗರೂಕರೇ, ಎರಡು ಬೇರೆ ಬೇರೆ ಕಂಪೆನಿಗಳ ಸಂಪರ್ಕ ಪಡೆದಿದ್ದರು. ಆದರೆ ಎರಡೂ ಪಶ್ಚಿಮದ ಮಾರ್ಗವನ್ನೇ ಅವಲಂಬಿಸಿದ್ದವು. ಒಂದು ಪುಟ ತೆರೆದುಕೊಳ್ಳುವಷ್ಟರಲ್ಲಿ ಚಹಾ ತಣ್ಣಗಾಗುತ್ತಿತ್ತಂತೆ. ಗ್ರಾಹಕರು ಕಾದರು, ಆದರೆ ಮುಂದಿನ ತಿಂಗಳ ಕೆಲಸದ ಅರ್ಧವನ್ನು ಬೇರೆಡೆಗೆ ಕೊಟ್ಟರು. ಸಾಲದ ಕಂತು ಮಾತ್ರ ಅರ್ಧವಾಗಲಿಲ್ಲ.

ಆದುದರಿಂದ ಪೂರೈಕೆದಾರರನ್ನು ಕೇಳಬೇಕಾದ ಮೊದಲ ಪ್ರಶ್ನೆ ವೇಗದ್ದಲ್ಲ, ದಾರಿಯದ್ದು. 'ನಿಮ್ಮ ಸಂಪರ್ಕ ಯಾವ ಕೇಬಲ್ಲಿನಲ್ಲಿ ಹೋಗುತ್ತದೆ? ಅದು ಕಡಿದರೆ ಪೂರ್ವದಿಂದ, ಅಂದರೆ ಚೆನ್ನೈ–ಸಿಂಗಾಪುರದ ಮಾರ್ಗದಿಂದ ಕಳುಹಿಸುವಿರಾ?' ಎಂದು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಬೇಕು. ಬಾಯಿಮಾತಿನ ಭರವಸೆಗೆ ಬ್ಯಾಂಕಿನಲ್ಲಿ ಬೆಲೆಯಿಲ್ಲ, ಇಲ್ಲಿಯೂ ಇಲ್ಲ. ನೆಲದ ಮೇಲಿನ ದಾರಿಯನ್ನೂ ಮರೆಯಬಾರದು. ಘೋಡ್‌ಬಂದರ್ ರಸ್ತೆಯಲ್ಲಿ ಮೆಟ್ರೋ ನಾಲ್ಕನೆಯ ಮಾರ್ಗದ ಕಾಮಗಾರಿ ನಡೆದ ವರ್ಷಗಳನ್ನು ಕಂಡವರಿಗೆ ಅಗೆತವೆಂದರೇನೆಂದು ಹೇಳಬೇಕಿಲ್ಲ. ಎರಡು ಕಂಪೆನಿಗಳ ಎಳೆಗಳು ಒಂದೇ ಕಾಲುವೆಯಲ್ಲಿ ಮಲಗಿದ್ದರೆ ಜೆಸಿಬಿಯ ಒಂದೇ ಏಟಿಗೆ ಎರಡೂ ಹೋಗುತ್ತವೆ. ಕಟ್ಟಡಕ್ಕೆ ಅವು ಎರಡು ಬದಿಯಿಂದ ಬರುತ್ತವೆಯೇ, ಅಥವಾ ಒಂದನ್ನು ಮಾಳಿಗೆಯ ಮೇಲಿನ ನಿಸ್ತಂತು ಸಾಧನದಿಂದ ಪಡೆಯಬಹುದೇ ಎಂದು ಕಣ್ಣಾರೆ ನೋಡಿ ತಿಳಿಯಬೇಕು.

ಎರಡನೆಯದು ವಿಳಂಬ. ಇದು ವೇಗಕ್ಕಿಂತ ಬೇರೆಯೇ ಸಂಗತಿ. ಗಾಜಿನೆಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಚಲಿಸುತ್ತದೆ. ಮುಂಬಯಿಯಿಂದ ಲಂಡನ್ ನೇರವಾಗಿ ಸುಮಾರು 7,200 ಕಿಲೋಮೀಟರ್. ಹೋಗಿಬರಲು 72 ಮಿಲಿಸೆಕೆಂಡ್ ಬೇಕೇ ಬೇಕು. ಕೇಬಲ್ಲು ಬಳಸಿ ಹೋಗುವುದರಿಂದ ವಾಸ್ತವದಲ್ಲಿ ಇದು ನೂರನ್ನು ದಾಟುತ್ತದೆ. ಯಾರಾದರೂ ಲಂಡನ್ನಿಗೆ 50 ಮಿಲಿಸೆಕೆಂಡ್ ಎಂದು ವಾಗ್ದಾನ ಮಾಡಿದರೆ ಅವರಿಗೆ ವಿನಯದಿಂದ ನಮಸ್ಕರಿಸಿ ಕಳುಹಿಸಬಹುದು. ಸುಮಾರು 36,000 ಕಿಲೋಮೀಟರ್ ಎತ್ತರದ ಭೂಸ್ಥಿರ ಉಪಗ್ರಹದ ಮೂಲಕವಾದರೆ ಅರ್ಧ ಸೆಕೆಂಡಿನಷ್ಟು ತಗಲುತ್ತದೆ. ದೂರದ ಊರಿನ ಎಟಿಎಂಗೆ ಅದು ಸಾಕು, ಮಾತುಕತೆಗೆ ಸಾಲದು.

ಇನ್ನು ಒಪ್ಪಂದದ ವಿಚಾರ. ಇಲ್ಲಿಯೇ ನಮ್ಮವರು ಹೆಚ್ಚಾಗಿ ಎಡವುವುದು. '99.5 ಶೇಕಡಾ ಲಭ್ಯತೆ' ಎಂಬುದು ಕೇಳಲು ಹಿತವಾಗಿದೆ. ಲೆಕ್ಕ ಹಾಕಿದರೆ ಮೂವತ್ತು ದಿನಗಳ ತಿಂಗಳಿಗೆ 3 ಗಂಟೆ 36 ನಿಮಿಷ ಸಂಪರ್ಕ ಇಲ್ಲದಿದ್ದರೂ ಅವರು ಮಾತಿಗೆ ತಪ್ಪಿದಂತಾಗುವುದಿಲ್ಲ. 99.9 ಆದರೆ ಅದು ಸುಮಾರು 43 ನಿಮಿಷ. ಈ ಲಭ್ಯತೆಯನ್ನು ನಿಮ್ಮ ಕಚೇರಿಯಿಂದ ಲಂಡನ್ನಿನವರೆಗೆ ಅಳೆಯುತ್ತಾರೋ, ಅಥವಾ ಅವರದೇ ಮುಂಬಯಿಯ ಕೇಂದ್ರದವರೆಗೆ ಮಾತ್ರವೋ ಎಂಬುದನ್ನು ಸಣ್ಣಕ್ಷರದಲ್ಲಿ ಹುಡುಕಬೇಕು. ಸಮುದ್ರದ ಕೇಬಲ್ ಕಡಿತವನ್ನು 'ದೈವಾಧೀನ ಘಟನೆ'ಗಳ ಪಟ್ಟಿಗೆ ಸೇರಿಸಿದ್ದರೆ ಆ ಒಪ್ಪಂದವು ಅಗತ್ಯ ಬಿದ್ದ ದಿನವೇ ಕೈಕೊಡುತ್ತದೆ. ಪರಿಹಾರವೂ ಸಾಮಾನ್ಯವಾಗಿ ಬಾಡಿಗೆಯ ಒಂದಂಶ ಮಾತ್ರ. ತಿಂಗಳಿಗೆ 40,000 ರೂಪಾಯಿ ಬಾಡಿಗೆ, ಹತ್ತು ಶೇಕಡಾ ಪರಿಹಾರ ಎಂದಿಟ್ಟುಕೊಳ್ಳೋಣ, ದೊರೆಯುವುದು 4,000. ಕಳೆದುಕೊಂಡ ಕೆಲಸದ ಬೆಲೆ ಅದರಲ್ಲಿ ಇಲ್ಲ. ಟ್ರಾಯ್ ಸಂಸ್ಥೆಯು ವೈಯಕ್ತಿಕ ದೂರುಗಳನ್ನು ವಿಚಾರಿಸುವುದಿಲ್ಲವಾದ್ದರಿಂದ ಒಪ್ಪಂದದ ಕಾಗದವೇ ನಿಮ್ಮ ಮೊದಲ ರಕ್ಷಣೆ.

ಮನೆಗೆ ಕೊಡುವ ಬ್ರಾಡ್‌ಬ್ಯಾಂಡ್ ಅಗ್ಗವೆಂದು ಅದನ್ನೇ ಕಚೇರಿಗೂ ಹಾಕಿಸಿಕೊಳ್ಳುವವರಿದ್ದಾರೆ. ಅದರ ವೇಗವನ್ನು ಹಲವರು ಹಂಚಿಕೊಳ್ಳುತ್ತಾರೆ. ಮೀಸಲು ಲೀಸ್ಡ್ ಲೈನಿನಲ್ಲಿ ಕಳುಹಿಸುವ ಮತ್ತು ಪಡೆಯುವ ವೇಗ ಸಮವಾಗಿದ್ದು ಅದು ನಿಮಗಷ್ಟೇ ಮೀಸಲು, ಬೆಲೆಯೂ ಹಲವು ಪಟ್ಟು. ಒಂದು ಲೀಸ್ಡ್ ಲೈನು, ಬೇರೆ ದಾರಿಯಿಂದ ಬರುವ ಒಂದು ಬ್ರಾಡ್‌ಬ್ಯಾಂಡ್, ಹೀಗೆ ಜೋಡಿಸಿದರೆ ಸಣ್ಣ ಕಚೇರಿಗೆ ಸಾಕೆಂದು ನನ್ನ ಅಭಿಪ್ರಾಯ. ಎರಡು ದೇಶಗಳ ಕಚೇರಿಗಳನ್ನು ನೇರವಾಗಿ ಜೋಡಿಸುವ ಖಾಸಗಿ ಅಂತಾರಾಷ್ಟ್ರೀಯ ಲೈನು ದೊಡ್ಡವರ ಮಾತು. ಬಿಲ್ಲಿನ ಮೇಲಿನ 18 ಶೇಕಡಾ ಜಿಎಸ್‌ಟಿಯನ್ನು ನೋಂದಾಯಿತ ಉದ್ಯಮಿಗಳು ಸಾಮಾನ್ಯವಾಗಿ ಮರಳಿ ಪಡೆಯಬಹುದಾದುದರಿಂದ ಹೋಲಿಕೆಯನ್ನು ತೆರಿಗೆಯ ಹೊರತಾಗಿ ಮಾಡಬೇಕು.

ಸೈಬರ್ ಘಟನೆಗಳನ್ನು ಆರು ಗಂಟೆಯೊಳಗೆ ವರದಿ ಮಾಡಬೇಕು, ದಾಖಲೆಗಳನ್ನು 180 ದಿನ ಕಾಯ್ದಿರಿಸಬೇಕು ಎಂದು ಸರ್ಟ್-ಇನ್ ಸಂಸ್ಥೆಯು 2022ರ ಏಪ್ರಿಲಿನಲ್ಲಿ ಆದೇಶಿಸಿದೆ. ರಾತ್ರಿ ಎರಡು ಗಂಟೆಗೆ ಫೋನ್ ಎತ್ತದ ಪೂರೈಕೆದಾರರಿಂದ ಇದಕ್ಕೆ ನೆರವು ಸಿಗದು. ಸಹಿ ಹಾಕುವ ಮುನ್ನ ಒಂದು ರಾತ್ರಿ ಅವರ ಸಹಾಯವಾಣಿಗೆ ಕರೆ ಮಾಡಿ ನೋಡುವುದು ಖರ್ಚಿಲ್ಲದ ಪರೀಕ್ಷೆ.

ಪೂರೈಕೆದಾರರನ್ನು ಬದಲಿಸುವವರು ಹಳೆಯ ಸಂಪರ್ಕವನ್ನು ಕೂಡಲೇ ಕಡಿಯಬಾರದು. ಸ್ಥಿರ ಐಪಿ ವಿಳಾಸವು ಸಾಮಾನ್ಯವಾಗಿ ಕಂಪೆನಿಯ ಸ್ವತ್ತು, ಬದಲಿಸಿದಾಗ ಅದೂ ಬದಲಾಗುತ್ತದೆ. ಹೊರದೇಶದ ಗ್ರಾಹಕರು ತಮ್ಮ ಸರ್ವರಿನ ಬಾಗಿಲಲ್ಲಿ ಹಳೆಯ ವಿಳಾಸವನ್ನಷ್ಟೇ ಒಳಬಿಡುವಂತೆ ನಮೂದಿಸಿರುತ್ತಾರೆ. ಹೊಸ ವಿಳಾಸವನ್ನು ಅವರಿಗೆ ಮುಂಚಿತವಾಗಿ ಬರೆದು ತಿಳಿಸಿ, ಅವರ ಒಪ್ಪಿಗೆ ಬಂದ ಬಳಿಕವೂ ಒಂದು ತಿಂಗಳು ಎರಡೂ ಲೈನುಗಳನ್ನು ಇಟ್ಟುಕೊಂಡು, ನಂತರವೇ ಹಳೆಯದಕ್ಕೆ ನೋಟಿಸು ಕೊಡಬೇಕು.